ಬರಿದಾಗಿ ಕಳಿಸಬಾರದು

ನಾಗವೇಣಿ ಮಗಳಿಗೆ ಒಂದು ಜಡೆ ಹೆಣೆದು ಮುಗಿಸಿ ಇನ್ನೊಂದಕ್ಕೆ ಕೂದಲು ಹಿಡಿದಿದ್ದಳು, ಅಷ್ಟರಲ್ಲಿ ಯತಿರಾಜನ ಬೈಕು ಅಂಗಳಕ್ಕೆ ಬಂತು. ಹೊಸೂರಿನ ಮರಗೆಲಸದ ಶೆಡ್ಡಿನಲ್ಲಿ ಅವನು ಮೇಸ್ತ್ರಿ. ಅದೇ ಶೆಡ್ಡಿಗೆ ಕೆಲಸ ಮಾಡಿಕೊಡುತ್ತಿದ್ದ ನಾಗವೇಣಿಯ ಗಂಡ ಮಾದೇಶ ತೀರಿಕೊಂಡು ಮೂರು ತಿಂಗಳಾಗಿತ್ತು. ಅಲ್ಲಿಂದೀಚೆಗೆ ಯತಿರಾಜ ಈ ಕಡೆ ಬಂದದ್ದು ಇದೇ ಮೊದಲು. ಬೈಕಿನಿಂದ ಇಳಿದವನು ಜಗಲಿ ಹತ್ತದೆ ಅಲ್ಲೇ ನಿಂತ.

"ಬನ್ನಿ ಯತಿರಾಜಣ್ಣ, ಕಾಫಿ ಇಡ್ತೀನಿ."

"ಕಾಫಿ ಬ್ಯಾಡಮ್ಮ. ಮಾದೇಶನ ಲೋಡು ಕೆಟ್ಟೋಯ್ತು. ಮೂವತ್ತಾರು ಬಕೇಟೂ."

ನಾಗವೇಣಿಯ ಕೈ ಕೂದಲಲ್ಲೇ ನಿಂತಿತು. ಮಾದೇಶ ಇದೇ ಜಗಲಿಯ ಮೇಲೆ ಕೂತು ಮಾಡಿದ ಕಡೆಯ ಕೆಲಸ ಅದು. ಸಮುದ್ರದಾಚೆ ಯಾವುದೋ ದೇಶದಲ್ಲಿ ಜನ ಸಾವಿರ ವರ್ಷದ ಹಿಂದಿನ ವೈಕಿಂಗರೆಂಬ ಹಡಗಿನ ಜನರ ವೇಷ ತೊಟ್ಟು, ಬಯಲಲ್ಲಿ ಡೇರೆ ಹಾಕಿ, ನಾಲ್ಕು ದಿನ ಅವರಂತೆಯೇ ಬದುಕುತ್ತಾರಂತೆ. ಅವರಿಗೆ ಬೇಕಾದ ಮರದ ಬಕೆಟ್ಟಿಗೆ ಮೊಳೆ ಕೂಡದು, ಗೋಂದು ಕೂಡದು, ಮೆಷಿನ್ನಿನ ಗುರುತು ಕೂಡದು. ಒಂದೊಂದೇ ಹಲಗೆ ಹೆರೆದು, ಸುತ್ತ ಜೋಡಿಸಿ, ಸೀಳಿದ ಮರದ ಕಟ್ಟು ಬಿಗಿಯಬೇಕು. "ಒಂದನ್ನೊಂದು ಒತ್ಕೊಂಡೇ ನಿಲ್ಬೇಕು ಕಣೇ, ನಮ್ ಮನೆಯೋರ ಥರ" ಎಂದು ಮಾದೇಶ ನಗುತ್ತಿದ್ದ. ಮೂವತ್ತಾರನೆಯದಕ್ಕೆ ಕಟ್ಟು ಬಿಗಿದು, ಎದೆ ಹಿಡಿದುಕೊಳ್ಳುತ್ತಿದೆ ಎಂದು ಕಂಬಕ್ಕೆ ಒರಗಿದವನು ಮತ್ತೆ ಏಳಲಿಲ್ಲ.

ಅಂದಿನಿಂದ ಅವಳಿಗೆ ಒಂದೇ ಸಮಾಧಾನ. ಪಾತ್ರೆ ಬೆಳಗುವಾಗ, ನೀರು ಸೇದುವಾಗ, ಎಲ್ಲೋ ದೂರದಲ್ಲಿ ಯಾರೋ ಅವನ ಬಕೆಟ್ಟನ್ನು ಹೊಳೆಗೆ ಇಳಿಸಿ ತುಂಬಿಕೊಳ್ಳುತ್ತಿರಬಹುದು ಅಂದುಕೊಳ್ಳುವಳು. ಅವನ ಕೈ ಆಡಿದ್ದು ಇನ್ನೂ ಒಂದು ಕಡೆ ಉಪಯೋಗಕ್ಕೆ ಬರುತ್ತಿದೆಯಲ್ಲ.

ಯತಿರಾಜ ಫೋನು ಚಾಚಿದ. ಬಕೆಟ್ಟಿನ ತಳದ ಫೋಟೋ. ಜೇನುಮೇಣ ಸವರಿದ ಹಲಗೆಯ ಸಂದಿನಲ್ಲಿ ಏಳೆಂಟು ರಾಗಿ ಕಾಳು. ಎರಡು ಮೊಳಕೆ ಒಡೆದಿದ್ದವು. ಪಕ್ಕದಲ್ಲಿ ನೀಲಿ ಗ್ಲೌಸಿನ ಒಂದು ಬೆರಳು.

"ಆ ದೇಶದ ಬಂದರಲ್ಲಿ ಹಿಡುದ್ಬುಟ್ರು. ಒಂದ್ರಲ್ಲಲ್ಲ, ಎಲ್ಲಾದ್ರಲ್ಲೂ ಕಾಳು. ಹೊರಗಿನ ಬೀಜ ಬಿದ್ರೆ ಅವ್ರ ಬೆಳೆಗೆ ರೋಗ ಬತ್ತದಂತೆ. ನಮ್ ಆಪೀಸಲ್ಲಿ ಮಾದೇಶನ ಹೆಸರು ಬರ್ದವ್ರೆ. ಕುಡುದು ಕೆಲ್ಸ ಮಾಡವ್ನೆ, ಒಳಗೆ ಕಾಳು ಬಿದ್ದಿದ್ನೂ ನೋಡಿಲ್ಲ ಅಂತ."

ಮೊರ ಹಿಡಿದು ಬಾಗಿಲಿಗೆ ಬಂದ ಅತ್ತೆ ನಾರಾಯಣಮ್ಮ ಸುಮ್ಮನಿರಲಿಲ್ಲ. "ಸಾವಿರ ವರ್ಸದ ಹಿಂದಿನ ಥರಾನೇ ಇರ್ಬೇಕು ಅಂತ ನನ್ ಮಗನ ಪ್ರಾಣ ತಿಂದ್ಯಲ್ಲಪ್ಪಾ. ಆವಾಗ ಬಕೇಟಲ್ಲಿ ಕಾಳು ಇರ್ತಿರ್ಲಿಲ್ವಾ? ಆ ಜನ ಏನು ಗಾಳಿ ತಿನ್ಕೊಂಡು ಇದ್ರಾ?"

ಯತಿರಾಜನಿಗೆ ನಗು ಬಂದು, ಬಂದಷ್ಟೇ ಬೇಗ ಹೋಯಿತು. "ಅದುನ್ನ ನಾನ್ ಯಾರಿಗೆ ಹೇಳ್ಲಿ ಅಜ್ಜಿ?"

"ನಮ್ ಯಜಮಾನ್ರು ಕುಡೀತಿರ್ಲಿಲ್ಲ," ಅಂದಳು ನಾಗವೇಣಿ.

"ನಂಗೊತ್ತಿಲ್ವೇನಮ್ಮ? ಆದ್ರೆ ಕಾಳು ಎಲ್ಲಿಂದ ಬಂತು?"

ಮಾದೇಶನ ಕಾರ್ಯ ಮುಗಿದ ಮಾರನೆಯ ದಿನವೇ ಶೆಡ್ಡಿನ ಟೆಂಪೋ ಬಂದಿತ್ತು. ಒಂದರ ಹಿಂದೆ ಒಂದು ಬಕೆಟ್ಟು ಬರಿದಾಗಿ ಹೊಸಿಲು ದಾಟುವುದು ಅವಳಿಗೆ ಸರಿ ಕಂಡಿರಲಿಲ್ಲ. ಪಕ್ಕದ ಮನೆಯ ಲೋಟವನ್ನು ವಾಪಸು ಕೊಡುವಾಗಲೂ ನಾಲ್ಕು ಹರಳು ಉಪ್ಪಾದರೂ ಹಾಕದೆ ಕೊಟ್ಟವಳಲ್ಲ ಅವಳು. ಓಡಿಹೋಗಿ ಮಡಕೆಯಿಂದ ರಾಗಿ ತಂದು ಒಂದೊಂದಕ್ಕೂ ಚಿಟಿಕೆಯಷ್ಟು ಹಾಕಿದ್ದಳು.

"ನಾನೇ ಹಾಕಿದ್ದು ಅಣ್ಣಾ. ಬರಿದಾಗಿ ಕಳ್ಸಬಾರ್ದು ಅಂತ. ಬರೆಯೋದಾದ್ರೆ ನನ್ ಹೆಸರು ಬರೀರಿ. ಅವ್ರದ್ದು ಹೊಡೆದಾಕಿ."

"ನಿನ್ ಹೆಸರು ಬರ್ದ್ರೆ, ಶೆಡ್ಡಲ್ಲಿ ಮೇಣ ಸವರೋ ಕೆಲ್ಸ ನಿಂಗೆ ಕೊಡ್ಸೋಣ ಅಂತಿದ್ನಲ್ಲ, ಅದೂ ಸಿಕ್ಕಲ್ಲ."

"ಸಿಕ್ದಿದ್ರೆ ಬ್ಯಾಡ."

ಯತಿರಾಜ ಆಗಲಿ ಎಂದು ತಲೆಯಾಡಿಸಿ ಬೈಕು ಹತ್ತಿದ. ಅವಳಿಗೆ ತಡೆಯಲಾಗಲಿಲ್ಲ.

"ಅಣ್ಣಾ, ವಾಪಸ್ ಬತ್ತವಾ? ಎಲ್ಲಾನೂ ತೊಳ್ದು ಕೊಡ್ತೀನಿ. ಒಂದೇ ಒಂದು ಬಂದ್ರೂ ಸಾಕಾಗಿತ್ತು..."

"ಇಲ್ಲಮ್ಮ," ಅಂದ ಅವನು, ಬೈಕಿನ ಕೀಲಿಯನ್ನೇ ನೋಡುತ್ತ. "ಸುಟ್ಟಾಕ್ಬುಟ್ರು. ಒಳಗೆ ಕಾಳಿದ್ರೆ ಸುಡೋದೇ ಅಲ್ಲಿ ರೂಲ್ಸು."

ರಸ್ತೆಯ ತಿರುವಿನಲ್ಲಿ ಬೈಕಿನ ಸದ್ದು ಅಡಗಿತು. ನಾರಾಯಣಮ್ಮ ಮೊರ ಕೆಳಗಿಟ್ಟು ಸೆರಗು ಬಾಯಿಗೆ ಒತ್ತಿಕೊಂಡಳು. ನಾಗವೇಣಿ ಬಿಟ್ಟ ಜಡೆಯನ್ನು ಮತ್ತೆ ಹೆಣೆಯತೊಡಗಿದಳು. ಏಳು ವರ್ಷದ ಲೇಖಾ ತಿರುಗಿ ಅಮ್ಮನ ಮುಖ ನೋಡಿದಳು. ಅಪ್ಪನನ್ನು ಹೊತ್ತುಕೊಂಡು ಹೋದ ದಿನದಿಂದ ಆ ಮಗು ಒಂದೂ ಪ್ರಶ್ನೆ ಕೇಳಿರಲಿಲ್ಲ. ಅಪ್ಪ ಎಲ್ಲಿ ಹೋದ, ಯಾವಾಗ ಬರುತ್ತಾನೆ, ಏನೂ ಇಲ್ಲ. ಉಣ್ಣು ಅಂದರೆ ಉಣ್ಣುವುದು, ಮಲಗು ಅಂದರೆ ಮಲಗುವುದು. ಆ ಮೌನ ಕಂಡು ನಾಗವೇಣಿಗೆ ಹೆದರಿಕೆಯೂ ಆಗುತ್ತಿತ್ತು. ಸದ್ಯ, ಕೇಳಲಿಲ್ಲವಲ್ಲ ಎಂದೂ ಅನಿಸುತ್ತಿತ್ತು.

"ಅಮ್ಮಾ, ಅಪ್ಪನ್ನ ಕಳ್ಸೋವಾಗ ನೀವೆಲ್ಲಾ ಬಾಯಿಗೆ ಅಕ್ಕಿ ಹಾಕಿದ್ರಲ್ಲಾ," ಅಂದಳು ಲೇಖಾ. "ಅದಕ್ಕೇನಾ ಅಪ್ಪನ್ನೂ ಸುಟ್ಟಿದ್ದು?"