ಅಕ್ಕ ಹುಟ್ಟು ಹಿಡಿದದ್ದು

ಸುಮಾ, ಪ್ರಜ್ವಲ, ಮೊನ್ನೆ ಹೊಸ ಬಾಗಿಲಿಗೆ, ದೋಣಿಗಳಿಗೆ ಬಳಿಯುವ ಗೇರೆಣ್ಣೆಯನ್ನೇ ಹಚ್ಚಿದಾಗ ಆ ವಾಸನೆಗೆ ನನಗೆ ಹಿನ್ನೀರಿನ ದೋಣಿ ನೆನಪಾಯಿತು.

ನಾನಾಗ ಚಿಕ್ಕವಳು. ನಮ್ಮಕ್ಕನ ಮದುವೆಯ ಮರುದಿನ ಅವಳನ್ನು ಹೊಸನಗರದ ಕಡೆಯ ಗಂಡನ ಮನೆಗೆ ಕರೆದೊಯ್ಯುತ್ತಿದ್ದರು. ಉದ್ದನೆಯ ದೋಣಿಯಲ್ಲಿ ಭಾವ ಮತ್ತು ಗಂಡಸರು ಕೂತರು. ಗಿಡ್ಡ ದೋಣಿಯಲ್ಲಿ ಅಕ್ಕ, ಅವಳ ಅತ್ತೆ, ನಾನು, ಹುಟ್ಟು ಹಾಕುವ ತಿಮ್ಮಣ್ಣ. ಉದ್ದನೆಯದು ಒಮ್ಮೆ ಹುಟ್ಟು ಹಾಕಿದರೆ ನೆಟ್ಟಗೆ ಜಾರಿಕೊಂಡು ಹೋಗುತ್ತಿತ್ತು. ನಮ್ಮದು ಪ್ರತಿ ಸಲವೂ ಮೂತಿ ತಿರುಗಿಸುತ್ತಿತ್ತು. ಅದನ್ನು ನೇರ ಮಾಡುವುದರಲ್ಲೇ ತಿಮ್ಮಣ್ಣನ ಅರ್ಧ ಶಕ್ತಿ ಹೋಯಿತು.

"ಕತ್ತಲಾಗೋದ್ರೊಳಗೆ ಮನೆ ತುಂಬಿಸ್ಬೇಕು ಮಾರಾಯ. ನಿದ್ದೆ ಮಾಡ್ತಿದೀಯಾ?" ಎಂದರು ಅತ್ತೆ.

"ಗಿಡ್ಡ ದೋಣಿ ಅಮ್ಮ. ಇನ್ನೊಂದು ಕೈ ಇದ್ದಿದ್ರೆ ಆಗ್ತಿತ್ತು."

ಎರಡು ದಿನದಿಂದ ತಲೆಯೆತ್ತದ ಅಕ್ಕ ಮುಂದೆ ಸರಿದು ಇನ್ನೊಂದು ಹುಟ್ಟನ್ನು ಕೈಗೆತ್ತಿಕೊಂಡಳು. ಮದುಮಗಳು ಹುಟ್ಟು ಹಾಕುವುದುಂಟೇ? ಇವಳನ್ನು ಇವತ್ತೇ ವಾಪಸು ಕಳಿಸುತ್ತಾರೆ ಎಂದುಕೊಂಡೆ. ಅತ್ತೆಯ ತೆರೆದ ಬಾಯಿ ಹಾಗೇ ಇತ್ತು. ಎಲೆಯಡಿಕೆಯ ಕೆಂಪು ಗಲ್ಲಕ್ಕಿಳಿದರೂ ಒರೆಸಿಕೊಳ್ಳಲಿಲ್ಲ. ದೋಣಿ ಮಾತ್ರ ನೆಟ್ಟಗಾಗಿ ಓಡಿತು.

ದಡದ ಜನ ಕಾಣತೊಡಗಿದಾಗ ಅತ್ತೆ ಕೈಚಾಚಿ, "ಇತ್ಲಾಗೆ ಕೊಡು" ಎಂದರು. ಒದ್ದೆ ಹುಟ್ಟನ್ನು ಹಿಡಿದುಕೊಂಡೇ ಇಳಿದರು.

ಉದ್ದನೆಯ ದೋಣಿಯಲ್ಲಿ ಮೊದಲೇ ದಡ ಸೇರಿದ್ದ ಅವರ ಯಜಮಾನರು ಬೆಚ್ಚಿ, "ನೀನು ಹುಟ್ಟು ಹಾಕಿದ್ಯಾ?" ಎಂದು ಕೇಳಿದರು.

"ಹೂಂ, ನಾನೇ. ನೀವು ಬಿಟ್ಟು ಹೋದ್ರೆ ಇನ್ನೇನು ಮಾಡ್ಲಿ?"

ಅಕ್ಕ ತಲೆ ತಗ್ಗಿಸಿಕೊಂಡು ಹೊಸಿಲು ದಾಟಿದಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಮಕ್ಕಳೇ, ನಾನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.