ಹಿಂದಿನ ಕೋಣೆಯ ಪೆಲ್ಮೆಟ್

“ಬಂದವರು ಪರದೆಗೆ ಕೈ ಹಾಕಿದರೆ ನೀವು ಮಾತು ಬದಲಾಯಿಸಬೇಕು. ಅಷ್ಟೇ ನಿಮ್ಮ ಕೆಲಸ,” ಎಂದಳು ಹೆಂಡತಿ, ತುಟಿಯಲ್ಲಿ ಕಚ್ಚಿಕೊಂಡಿದ್ದ ಮೊಳೆಯನ್ನು ತೆಗೆದು.

ಗಂಡ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವವನು ಅವನು. ಕೆಟ್ಟು ನಿಂತ ಬಸ್ಸನ್ನು ‘ಇನ್ನೇನು ಬಂತು’ ಎನ್ನಲು ಬಾಯಿ ಬಾರದೆ ಇಪ್ಪತ್ತು ವರ್ಷದಿಂದ ಪ್ರಯಾಣಿಕರ ಕೈಲಿ ಬೈಸಿಕೊಳ್ಳುತ್ತಿದ್ದ. ಸುಳ್ಳಿನ ನೆರಳು ಬಿದ್ದರೂ ಅವನ ಕಿವಿ ಕೆಂಪಾಗುತ್ತಿತ್ತು. ಈಗಲೂ ಕೆಂಪಗಿತ್ತು.

“ಮೂರಡಿ ಸಾಕಲ್ವೇನೇ?”

“ನಾಲ್ಕೂವರೆ ಇರಲಿ. ಮಾಡೋದಂತೂ ಮಾಡ್ತಿದ್ದೀವಿ, ಅದರಲ್ಲೇನು ಜಿಪುಣತನ?”

ಹಿಂದಿನ ಕೋಣೆಗೆ ಬೇರೆ ಬಾಗಿಲಿತ್ತು, ಬಚ್ಚಲಿತ್ತು, ಗೋಡೆಯಲ್ಲಿ ಕಪಾಟಿತ್ತು. ಆದರೂ ಏಳು ತಿಂಗಳಿಂದ ಬಾಡಿಗೆಗೆ ಯಾರೂ ಬಂದಿರಲಿಲ್ಲ. ನೋಡಲು ಬಂದವರೆಲ್ಲ ಪೂರ್ವದ ಕಡೆ ಒಮ್ಮೆ ತಿರುಗಿ, ಮೂಗು ಮುರಿದು, ಕಾಲಿಗೆ ಬುದ್ಧಿ ಹೇಳಿದ್ದರು. ಆ ಕಡೆ ಇದ್ದದ್ದು ಗೋದಾಮು. ಈ ಮನೆಗಿಂತ ಮೊದಲೇ ಎದ್ದದ್ದು, ಗೇಣು ಜಾಗವನ್ನೂ ಬಿಟ್ಟಿರಲಿಲ್ಲ. ಅದನ್ನು ಬೇರೆಡೆಗೆ ಸರಿಸುವುದು ಯಾರಪ್ಪನ ಕೈಲೂ ಆಗುವಂತಿರಲಿಲ್ಲ.

ಕೋಣೆ ಖಾಲಿ ಉಳಿದಿದ್ದರೆ ಅವಳಿಗೆ ಚಿಂತೆಯಿರಲಿಲ್ಲ. ಆದರೆ ಗಂಡನ ಅಣ್ಣ ಫೋನು ಮಾಡಿದ್ದ. ನಿವೃತ್ತನಾಗಿದ್ದಾನೆ, ಒಂಟಿ ಜೀವ, ಒಂದನೇ ತಾರೀಖಿನವರೆಗೂ ಆ ಕೋಣೆಗೆ ಯಾರೂ ಬರದಿದ್ದರೆ ತಾನೇ ಬಂದು ಇದ್ದುಬಿಡುತ್ತಾನಂತೆ. ಹಿಂದೊಮ್ಮೆ ಈ ಭಾವ ಹದಿನೈದು ದಿನ ಇದ್ದು ಅವಳ ಅಡುಗೆಮನೆಯನ್ನು ಒಪ್ಪ ಮಾಡಿಕೊಟ್ಟು ಹೋಗಿದ್ದ. ಉಪ್ಪಿನ ಡಬ್ಬಿ ಸಿಗಲು ಅವಳಿಗೆ ಮೂರು ದಿನ ಬೇಕಾಗಿತ್ತು. ಹದಿನೈದು ದಿನಕ್ಕೇ ಹೀಗಾದರೆ ಆಯುಷ್ಯ ಪೂರ್ತಿ ಹೇಗೆ ಎಂದು ಅವಳು ದಿನವೂ ಲೆಕ್ಕ ಹಾಕುತ್ತಿದ್ದಳು.

ಹಾಗಾಗಿ ಕೆಲಸ ಭರದಿಂದ ಸಾಗಿತು. ಪರದೆಯ ನೆತ್ತಿ ಮುಚ್ಚುವ ಪೆಲ್ಮೆಟ್ಟಿಗೆ ತೆಳು ಪ್ಲೈವುಡ್ಡಿನ ಒಂದು ಉದ್ದ ಹಲಗೆ, ಪಕ್ಕಕ್ಕೆರಡು ತುಂಡು, ಮೇಲೊಂದು ಮುಚ್ಚಳ. ಮುಂಭಾಗಕ್ಕೆ ತೆಳುವಾದ ಸ್ಪಂಜು ಅಂಟಿಸಿದಳು. ಅದರ ಮೇಲೆ ಹಳದಿ ಹೂವಿನ ಹಾಸುಬಟ್ಟೆಯನ್ನು ಬಿಗಿಯಾಗಿ ಎಳೆದು, ಪುಸ್ತಕಕ್ಕೆ ಹೊದಿಕೆ ಹಾಕುವಂತೆ ಮೂಲೆ ಮಡಚಿ, ಹಿಂದುಗಡೆ ಪಿನ್ನು ಹೊಡೆದಳು. ಒಂದು ಕಡೆ ಹೂವಿನ ಸಾಲು ಸೊಟ್ಟಗಾಯಿತು. ಪಿನ್ನೆಲ್ಲ ಕಿತ್ತು ಮತ್ತೆ ಹೊಡೆದಳು. ಪೆಲ್ಮೆಟ್ಟಿನ ಒಳಮೈಗೆ ಒಂದು ಎಲ್‌ಇಡಿ ಪಟ್ಟಿ ಕೂರಿಸಿದಳು.

“ಗೋದಾಮು ಕೊಡದೇ ಇದ್ದದ್ದನ್ನ ನಾವು ಕೊಡೋಣ,” ಎಂದಳು.

ಪೆಲ್ಮೆಟ್ ಏರಿಸಿ, ಕೆನೆಬಣ್ಣದ ಪರದೆ ಇಳಿಬಿಟ್ಟು ಸ್ವಿಚ್ ಒತ್ತಿದಾಗ ಎಳೆಬಿಸಿಲು ಕೋಣೆಗೆ ಇಳಿಯಿತು. ಗಂಡನಿಗೇ ಒಂದು ಗಳಿಗೆ ಪರದೆ ಸರಿಸಿ ಹೊರಗೆ ನೋಡೋಣ ಎನಿಸಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಬ್ರೋಕರ್ ಕಳಿಸಿದ ನರ್ಸ್ ಬಂದಳು. ನಲವತ್ತರ ಹೆಂಗಸು. ಕಪ್ಪು ಕನ್ನಡಕ ತೆಗೆದಾಗ ಕಣ್ಣು ಕೆಂಪಗಿತ್ತು. ನಲ್ಲಿ ತಿರುಗಿಸಿದಳು, ಕಪಾಟು ತೆರೆದಳು, ತಲೆದೂಗಿದಳು.

“ಬ್ರೋಕರ್ ‘ಕಣ್ಣು ಮುಚ್ಕೊಂಡು ಹೋಗಿ, ನಿಮಗೇ ಅಂತ ಕಟ್ಟಿದ ಹಾಗಿದೆ’ ಅಂದ. ಈಗಿರೋ ಮನೆಯವರೂ ಹಾಗೇ ಹೇಳಿದ್ರು ಬಿಡಿ, ಒಂದು ಚೂರೂ ಸದ್ದಿಲ್ಲ ಅಂತ. ಹೋಗಿ ನೋಡಿದ್ರೆ ತಲೆ ಮೇಲೇ ಡ್ಯಾನ್ಸ್ ಕ್ಲಾಸು. ಸುಳ್ಳು ಹೇಳಿದ್ದು ಗೊತ್ತಾದ ಮೇಲೆ ನಾನು ಯಾರ ಮನೇಲೂ ಇರಲ್ಲ ಅಕ್ಕ.”

“ನಮ್ಮನೇಲಿ ಆ ಮಾತೇ ಇಲ್ಲ,” ಎಂದಳು ಹೆಂಡತಿ. ಗಂಡ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡ.

ನರ್ಸ್ ಪೂರ್ವಕ್ಕೆ ತಿರುಗಿದಳು. ಕತ್ತೆತ್ತಿ ಪೆಲ್ಮೆಟ್ಟಿನ ಹಳದಿ ಹೂಗಳನ್ನು ನೋಡಿದಳು. “ಇದನ್ನ ನೀವೇ ಮಾಡಿದ್ರಾ? ತುಂಬಾ ಚೆನ್ನಾಗಿದೆ.” ಅವಳ ಕೈ ಪರದೆಯ ಅಂಚಿಗೆ ಹೋಯಿತು.

“ಕಾಫಿ ಕುಡೀತೀರಾ?” ಎಂದು ಗಂಡ ಕೂಗಿಯೇಬಿಟ್ಟ.

“ಪೂರ್ವದ ಕಿಟಕಿ,” ಎಂದಳು ಹೆಂಡತಿ, ಈ ಗಳಿಗೆ ಬಿಟ್ಟರೆ ಸಿಗದೆಂಬಂತೆ. “ಸೂರ್ಯ ಹುಟ್ಟಿದ್ದೇ ತಡ, ಬೆಳಕು ಸೀದಾ ಒಳಗೆ. ಪರದೆ ಎಳೆದ್ರೂ ನೋಡಿ, ಹೇಗೆ ಬರ್ತಾ ಇದೆ. ಸಂಜೆವರೆಗೂ ಹೀಗೇ.”

ನರ್ಸ್ ಕೈ ಹಿಂದಕ್ಕೆ ತೆಗೆದುಕೊಂಡಳು. ಮುಖ ಬಾಡಿತು.

“ಹೌದಲ್ಲ. ಛೆ, ಬ್ರೋಕರ್ ಮಾತು ನಂಬಿ ಕೆಟ್ಟೆ. ಹನ್ನೊಂದು ವರ್ಷದಿಂದ ನನಗೆ ರಾತ್ರಿ ಪಾಳಿ ಅಕ್ಕ. ಮಲಗೋದೇ ಹಗಲು. ಒಂದೆಳೆ ಬೆಳಕು ಬಿದ್ದರೂ ನಿದ್ದೆ ಹತ್ತಲ್ಲ. ಉಳಿದದ್ದೆಲ್ಲ ಒಪ್ಪಿಗೆಯಾಗಿತ್ತು. ಇವತ್ತೇ ಸಾಮಾನು ತರೋಣ ಅಂತಿದ್ದೆ.”

ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. “ಅಲ್ಲಾ, ಬೆಳಕು ಅಂದ್ರೆ ಅಂಥದ್ದೇನೂ…”

“ಬೇಡಕ್ಕ, ನನ್ನನ್ನ ಉಳಿಸ್ಕೊಳ್ಳೋಕೆ ನೀವು ಸುಳ್ಳು ಹೇಳಬೇಡಿ. ಕಣ್ಣಿಗೆ ಕಾಣ್ತಾ ಇದೆಯಲ್ಲ.” ನರ್ಸ್ ಅವಳ ಕೈ ಹಿಡಿದುಕೊಂಡಳು. “ಇದ್ದದ್ದನ್ನ ಇದ್ದ ಹಾಗೇ ಹೇಳಿದ್ರಿ. ಈ ಕಾಲದಲ್ಲಿ ಅದೇ ದೊಡ್ಡದು.”

ಅವಳು ಕನ್ನಡಕ ಹಾಕಿಕೊಂಡು ಹೊರಟುಹೋದಳು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಯಿತು. ಹೆಂಡತಿಗೆ ಅಳು ಬಂತು, ನಗುವೂ ಬಂತು, ಯಾವುದನ್ನು ಮೊದಲು ಬಿಡುವುದೆಂದು ತಿಳಿಯದೆ ನೆಲದ ಮೇಲೆ ಕುಳಿತಳು. ಗಂಡನ ಫೋನು ಹೊಡೆದುಕೊಂಡಿತು. ಅವನು ಎರಡು ಸಲ “ಹ್ಞೂಂ ಅಣ್ಣ” ಎಂದು ಇಟ್ಟ.

“ನಾಳೆ ಒಂದನೇ ತಾರೀಖಲ್ಲ, ಬೆಳಗಿನ ಬಸ್ಸಿಗೇ ಬರ್ತಾನಂತೆ,” ಎಂದ. “ನಿಜ ಹೇಳಿಬಿಡಬಹುದಿತ್ತು ಕಣೇ ಆ ನರ್ಸಿಗೆ.”

“ಯಾವ ಬಾಯಲ್ಲಿ ಹೇಳಲಿ?” ಎಂದಳು ಅವಳು. ಎದ್ದು ದೀಪ ಆರಿಸಿ, ಪರದೆಯನ್ನು ಪೂರ್ತಿ ಸರಿಸಿದಳು.

ಮನೆ ಕಟ್ಟಿದಂದಿನಿಂದ ಅಲ್ಲಿ ಏನಿತ್ತೋ ಅದೇ ಇತ್ತು: ಸೂಜಿಮೊನೆಯಷ್ಟು ತೂತೂ ಇಲ್ಲದ, ಈ ಮೂಲೆಯಿಂದ ಆ ಮೂಲೆಯವರೆಗೆ ಸುಣ್ಣ ಬಳಿದ, ಕೋಣೆಯದೇ ಬರೀ ಗೋಡೆ.