ಮಗುಚಿದ ಬಲೆ

ಗಾಳದ ಪಂದ್ಯ ಮುಗಿದು, ಎಲ್ಲರ ಮೀನು ತೂಗಲು ಕಾಲುವೆ ದಂಡೆಯ ಮೇಲೆ ತಕ್ಕಡಿ ಹಿಡಿದು ಬರುತ್ತಿರುವವನು ಎದುರು ತಂಡದ ಟ್ರೆವರ್ ಎಂದು ಗೊತ್ತಾದದ್ದೇ ತಡ, ನಾರ್ಮನ್ ಹಿಡಿದ ಮೀನು ಕೂಡಿಡಲು ನೀರಿಗೆ ಇಳಿಬಿಟ್ಟಿದ್ದ ತನ್ನ ಬಲೆಯನ್ನು ಸದ್ದಿಲ್ಲದೆ ಮಗುಚಿಬಿಟ್ಟ. ಬೆಳಗಿನಿಂದ ಗಾಳ ಹಾಕಿ ಕೂತದ್ದಕ್ಕೆ ಸಿಕ್ಕಿದ್ದು ಬೆರಳುದ್ದದ ಎರಡು ಮೀನು. ಒಂದು ಕಾಲದ ಚಾಂಪಿಯನ್ ಅದನ್ನು ಈ ಟ್ರೆವರ್‌ನ ಮುಂದೆ ತೂಗಿಸುವುದೇ?

"ಏನೂ ಇಲ್ವಾ?" ಟ್ರೆವರ್ ಹಲ್ಲು ಕಿರಿದ. "ಚಾಂಪಿಯನ್ ಸಾಹೇಬ್ರ ಬಲೆ ಅಂದ್ರೆ ಮೀನಿಗೂ ಭಯ ಬಿಡಿ."

"ಈ ಜಾಗದಲ್ಲಿ ಮೀನೇ ಇಲ್ಲ ಕಣಯ್ಯ. ಮುಂದೆ ನಡಿ."

ಪಬ್ಬಿನ ಹಿತ್ತಲಲ್ಲಿ ಫಲಿತಾಂಶ ಓದಿದರು. ನಾರ್ಮನ್‌ನ ತಂಡ ಒಂದೇ ಒಂದು ಅಂಕದಿಂದ ಸೋತಿತ್ತು. ಎಷ್ಟೇ ಸಣ್ಣ ಮೀನು ತೂಗಿಸಿದ್ದರೂ ಅಂಕ ಸಿಗುತ್ತಿತ್ತು. ಸೊನ್ನೆ ಖಾಲಿ ಬಲೆಗೆ ಮಾತ್ರ. ತಂಡದ ಹುಡುಗರು ಗೊಣಗತೊಡಗಿದಾಗ ನಾಯಕಿ ಬೆರಿಲ್ ಅವರ ಮೇಲೆಯೇ ರೇಗಿದಳು. "ಅವನೇನ್ ಮಾಡ್ತಾನ್ರೋ? ಚೀಟಿ ಎತ್ತಿದಾಗ ಕೆಟ್ಟ ಜಾಗ ಬಂತು. ಮೀನಿದ್ದಿದ್ರೆ ನಾರ್ಮನ್ ಬಿಡ್ತಿದ್ನಾ?" ನಾರ್ಮನ್ ತಲೆ ಎತ್ತಲಿಲ್ಲ. ಅವನ ಸೊಂಟನೋವು ಬಲ್ಲ ಬೆರಿಲ್, ಒದ್ದೆ ಬಲೆಯನ್ನು ಮಡಚಿಕೊಡಲು ತಾನೇ ಬಗ್ಗಿದಳು. ಅವನು ಬೇಡ ಬೇಡ ಎನ್ನುತ್ತಲೇ ಇದ್ದ.

ಬಲೆಯ ತಳದ ಮಡಿಕೆಯಲ್ಲಿ ಬೆರಳುದ್ದದ ಮೀನೊಂದು ಸಿಕ್ಕಿಕೊಂಡು ಸತ್ತಿತ್ತು. ಬೆರಿಲ್ ಅದನ್ನು ಬಿಡಿಸಿ, ಒಂದು ಗಳಿಗೆ ನೋಡಿ, ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದಳು.

"ಟ್ರೆವರ್ ಇನ್ನೂ ಒಳಗೇ ಇದಾನೆ," ಎಂದಳು. "ಹೋಗು, ತೂಗಿಸ್ಕೊಂಡು ಬಾ."